ಪ್ರತಿಕ್ರಿಯೆ: 35 ಫ್ರೇಮ್‌ಗಳ ಫೈನಲ್ ಹದಿನೆಂಟಕ್ಕೇ ಮುಗಿಯುವುದೇಕೆ?

ನಮಸ್ಕಾರ. ವಿಶ್ವ ಸ್ನೂಕರ್ ಚಾಂಪಿಯನ್‌ಶಿಪ್‌ನ ಫೈನಲ್‌ಗೆ 35 ಫ್ರೇಮ್‌ಗಳೆಂದು (ಫ್ರೇಮ್ ಎಂದರೆ ಪಂದ್ಯದೊಳಗಿನ ಒಂದು ಬಿಡಿ ಆಟ) ಹೇಳಿ, ಒಬ್ಬರು 18 ಗೆದ್ದ ಕೂಡಲೇ ಆಟ ನಿಲ್ಲಿಸುವುದೇಕೆ, ಇದಕ್ಕೆ ಎರಡು ದಿನ ಏಕೆ ಬೇಕು ಎಂದು ಕೇಳಿದ್ದೀರಿ.

35 ಎಂಬುದು ಗರಿಷ್ಠ ಮಿತಿ ಮಾತ್ರ. ತಮ್ಮ ಹದಿನೆಂಟನೆಯ ಫ್ರೇಮ್ ಗೆದ್ದವರನ್ನು ಎದುರಾಳಿ ಹಿಡಿಯಲು ಸಾಧ್ಯವೇ ಇಲ್ಲದ್ದರಿಂದ ಉಳಿದವನ್ನು ಆಡಿಸುವುದಿಲ್ಲ. ಇಲ್ಲಿ ಫ್ರೇಮ್‌ಗಳಷ್ಟೇ ಲೆಕ್ಕ. ಒಂದು ಫ್ರೇಮನ್ನು ನೂರು ಅಂಕಗಳಿಂದ ಗೆದ್ದರೂ ಒಂದೇ ಅಂಕದಿಂದ ಗೆದ್ದರೂ ಸಿಗುವುದು ಒಂದೇ ಫ್ರೇಮ್. ಮೊದಲ ದಿನ ಎರಡು ಅವಧಿಗಳಲ್ಲಿ 17, ಮರುದಿನ ಬೇಕಾದರೆ ಇನ್ನು 18 ಫ್ರೇಮ್‌ಗಳು ನಡೆಯುತ್ತವೆ.

ಇಷ್ಟು ದೀರ್ಘ ಪಂದ್ಯದ ಸೊಗಸು ತಿಳಿಯಬೇಕಾದರೆ ಇಂಗ್ಲೆಂಡಿನ ಶೆಫೀಲ್ಡ್‌ನ ಕ್ರೂಸಿಬಲ್ ರಂಗಮಂದಿರದಲ್ಲಿ ನಡೆದ 1985ರ ಫೈನಲನ್ನು ದಯವಿಟ್ಟು ನೋಡಿ. ಸ್ಟೀವ್ ಡೇವಿಸ್ 8-0 ಮುನ್ನಡೆಯಲ್ಲಿದ್ದರು. ಅಲ್ಲಿಂದ ಮೇಲೆದ್ದು 17-17ಕ್ಕೆ ತಂದ ಡೆನಿಸ್ ಟೇಲರ್, ಕಟ್ಟಕಡೆಯ ಫ್ರೇಮಿನ ಕಟ್ಟಕಡೆಯ ಕಪ್ಪು ಚೆಂಡನ್ನು ಪಾಟ್ ಮಾಡಿ (ಮೇಜಿನ ಕುಳಿಗೆ ಬೀಳಿಸಿ), ಆಟದ ಕೋಲಾದ ಕ್ಯೂವನ್ನು ಎರಡೂ ಕೈಗಳಲ್ಲಿ ತಲೆಯ ಮೇಲೆತ್ತಿ ನಿಂತರು. ಇಡೀ ಪಂದ್ಯದಲ್ಲಿ ಅವರು ಮುಂದಿದ್ದದ್ದು ಆ ಒಂದು ಕ್ಷಣದಲ್ಲಿ ಮಾತ್ರ! ಪಂದ್ಯ ಚಿಕ್ಕದಾಗಿದ್ದರೆ ಅವರಿಗೆ ಚೇತರಿಸಿಕೊಳ್ಳಲು ಅವಕಾಶವೇ ಇರುತ್ತಿರಲಿಲ್ಲ.

ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿ 2003ರಲ್ಲಿ ಗೆದ್ದದ್ದೂ ಇದೇ ಪ್ರಶಸ್ತಿಯೇ ಎಂದು ಕೇಳಿದ್ದೀರಿ. ಅಲ್ಲ, ಅದು ಐಬಿಎಸ್‌ಎಫ್ (ಅಂತರರಾಷ್ಟ್ರೀಯ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಒಕ್ಕೂಟ) ನಡೆಸುವ ಹವ್ಯಾಸಿಗಳ ವಿಶ್ವ ಚಾಂಪಿಯನ್‌ಶಿಪ್. ಕ್ರೂಸಿಬಲ್‌ನಲ್ಲಿ ನಡೆಯುವುದು ವೃತ್ತಿಪರರದು. ಆದರೆ ಹದಿಹರೆಯದಲ್ಲೇ ಅದನ್ನು ಗೆಲ್ಲುವುದು ಸಣ್ಣ ಮಾತಲ್ಲ.