ರಿಬೇಸ್ ಅರ್ಧಕ್ಕೆ ನಿಂತಿದೆ, ಹಿಂದಿರುಗುವುದು ಹೇಗೆ?

ಪ್ರಶ್ನೆ: ಗಿಟ್‌ನಲ್ಲಿ (ಕೋಡಿನ ಬದಲಾವಣೆಗಳನ್ನು ದಾಖಲಿಸುವ ಸಾಧನ) ರಿಬೇಸ್ ಮಾಡುವಾಗ, ಅಂದರೆ ನನ್ನ ಕಮಿಟ್‌ಗಳನ್ನು (ದಾಖಲಾದ ಬದಲಾವಣೆಗಳು) ಬೇರೊಂದು ಕಮಿಟ್ಟಿನ ಮೇಲೆ ಮತ್ತೆ ಕೂರಿಸುವಾಗ, ಏಳು ಫೈಲುಗಳಲ್ಲಿ ಕಾನ್‌ಫ್ಲಿಕ್ಟ್ (ಒಂದಕ್ಕೊಂದು ಹೊಂದದ ಬದಲಾವಣೆ) ಬಂತು. ಎಲ್ಲ ಬಿಟ್ಟು ಮೊದಲಿನ ಸ್ಥಿತಿಗೆ ಹೋಗಬೇಕು. ಗಿಟ್ ತನ್ನ ದಾಖಲೆ ಇಡುವ ಡಾಟ್ ಗಿಟ್ ಫೋಲ್ಡರಿನ ಒಳಗಿನ ‘ರಿಬೇಸ್-ಮರ್ಜ್’ ಫೋಲ್ಡರನ್ನು ಅಳಿಸಿದರೆ ಸಾಕು ಎಂದು ಗೆಳೆಯ ಹೇಳುತ್ತಾನೆ. ಸರಿಯೇ?

ಉತ್ತರ: ಅಳಿಸಬೇಡಿ. ಎಲ್ಲಿಂದ ಹೊರಟಿರಿ ಎಂಬ ಗುರುತು ಇರುವುದೇ ಅದರಲ್ಲಿ. ಆಟೋಸ್ಟ್ಯಾಶ್ (ಕಮಿಟ್ ಆಗದ ಕೆಲಸವನ್ನು ಗಿಟ್ ತಾನೇ ಬದಿಗಿಡುವ ಆಯ್ಕೆ) ಬಳಸಿದ್ದರೆ, ಕಮಿಟ್ ಆಗದ ನಿಮ್ಮ ಕೆಲಸದ ವಿಳಾಸವೂ ಅಲ್ಲೇ ಇರುತ್ತದೆ. ಫೋಲ್ಡರ್ ಹೋದರೆ ಆ ಕೆಲಸವನ್ನು ‘ಗಿಟ್ ಎಫ್‌ಎಸ್‌ಸಿಕೆ’ಯಲ್ಲಿ (ಗಿಟ್‌ನ ದಾಖಲೆಗಳನ್ನು ತಪಾಸಿಸುವ ಆಜ್ಞೆ) ಕೆದಕಬೇಕಾಗುತ್ತದೆ.

ಮೊದಲು ‘ಗಿಟ್ ಸ್ಟೇಟಸ್’ ಕೊಡಿ. ನಡುವೆ ನಿಂತಿರುವುದು ರಿಬೇಸೋ ಮರ್ಜೋ (ಎರಡು ಬ್ರಾಂಚ್ ಅಂದರೆ ಕೆಲಸದ ಕವಲುಗಳನ್ನು ಬೆಸೆಯುವುದು) ಚೆರಿ-ಪಿಕ್ಕೋ (ಆಯ್ದ ಕಮಿಟ್ಟನ್ನಷ್ಟೇ ತರುವುದು) ಎಂದು ಅದೇ ಹೇಳುತ್ತದೆ. ನಂತರ ‘ಗಿಟ್ ರಿಬೇಸ್ --ಅಬಾರ್ಟ್’. ಆದರೆ ಇದು ಫೈಲುಗಳನ್ನು ಹಳೆಯ ಸ್ಥಿತಿಗೆ ಬಲವಂತವಾಗಿ ಮರಳಿಸುತ್ತದೆ: ಕಾನ್‌ಫ್ಲಿಕ್ಟ್ ಬಿಡಿಸಲು ಮಾಡಿದ ತಿದ್ದುಪಡಿಯೂ ಹೋಗುತ್ತದೆ. ಬೇಕಾದ ಫೈಲುಗಳನ್ನು ಮೊದಲೇ ಹೊರಗಿನ ಫೋಲ್ಡರಿಗೆ ಕಾಪಿ ಮಾಡಿಕೊಳ್ಳಿ. ‘--ಕ್ವಿಟ್’ ಬೇರೆ, ಅದು ರಿಬೇಸನ್ನು ಮರೆಯುತ್ತದೆ, ನಿಮ್ಮನ್ನು ಮಾತ್ರ ಇದ್ದಲ್ಲೇ ಬಿಡುತ್ತದೆ.

ಫೋಲ್ಡರ್ ಆಗಲೇ ಅಳಿಸಿದ್ದರೂ ಗಾಬರಿ ಬೇಡ. ರಿಬೇಸ್ ಪೂರ್ತಿಯಾಗುವವರೆಗೆ ನಿಮ್ಮ ಬ್ರಾಂಚ್ ಹಳೆಯ ಕಮಿಟ್ಟಿನಲ್ಲೇ ಇರುತ್ತದೆ, ಕದಲಿರುವುದು ಹೆಡ್ (ನೀವು ಈಗ ಯಾವ ಕಮಿಟ್ಟಿನಲ್ಲಿದ್ದೀರಿ ಎಂಬ ಗುರುತು) ಮಾತ್ರ. ‘ಗಿಟ್ ಚೆಕ್‌ಔಟ್ -ಎಫ್’ ಮುಂದೆ ಬ್ರಾಂಚಿನ ಹೆಸರು ಬರೆದರೆ ಅಲ್ಲಿಗೇ ಮರಳುತ್ತೀರಿ.

ಮರ್ಜ್‌ನದು ಕೊಂಚ ಕಿರಿಕಿರಿ. ಕಮಿಟ್ ಆಗದ ಬದಲಾವಣೆ ಇಟ್ಟುಕೊಂಡೇ ಶುರುಮಾಡಿದ್ದರೆ, ‘ಗಿಟ್ ಮರ್ಜ್ --ಅಬಾರ್ಟ್’ ಅವನ್ನು ಕೆಲವೊಮ್ಮೆ ಮರಳಿ ಕಟ್ಟಲಾರದು. ಆದ್ದರಿಂದ ಮರ್ಜ್‌ಗೆ ಮುಂಚೆ ಕಮಿಟ್ ಇಲ್ಲವೇ ಸ್ಟ್ಯಾಶ್ (ತಾತ್ಕಾಲಿಕವಾಗಿ ಬದಿಗಿಡುವುದು) ಮಾಡಿ.