ಮುನಿರಾಬಾದಿಗೆ ಸೀಗಲ್ ಯಾಕೆ ಬಂತು?

ಪ್ರಶ್ನೆ: ಚಳಿಗಾಲದಲ್ಲಿ ತುಂಗಭದ್ರಾ ಹಿನ್ನೀರಿನಲ್ಲಿ ಬಾತುಕೋಳಿ ಥರ ತೇಲುವ ಬಿಳಿ ಹಕ್ಕಿಗಳನ್ನು ಕಂಡೆ. ಕೊಕ್ಕು, ಕಾಲು ಕೆಂಪು. ಕಣ್ಣಿನ ಹಿಂದೆ ಕಪ್ಪು ಮಚ್ಚೆ. ರೆಕ್ಕೆಯ ಕರಿ ತುದಿಯಲ್ಲಿ ಬಿಳಿ ಚುಕ್ಕೆ. ಮಗಳು ಸೀಗಲ್ ಅಂದಳು. ಸೀ ಅಂದರೆ ಸಮುದ್ರ ತಾನೇ? ಕೊಪ್ಪಳ ಜಿಲ್ಲೆಯಲ್ಲಿ ಸಮುದ್ರ ಎಲ್ಲಿದೆ ಸರ್?
– ಓದುಗರೊಬ್ಬರು, ಮುನಿರಾಬಾದ್

ಉತ್ತರ: ಮಗಳು ಹೇಳಿದ್ದು ಸರಿ. ಸಮುದ್ರ ನಿಮ್ಮೂರಿಂದ ಇನ್ನೂರು ಕಿಲೋಮೀಟರಿಗೂ ಜಾಸ್ತಿ ದೂರ ಅನ್ನುವುದೂ ಸರಿ. ತಕರಾರು ಇರುವುದು ಆ ‘ಸೀ’ ಜತೆ. ಪಕ್ಷಿ ತಿಳಿದವರು ಬರೀ ‘ಗಲ್’ ಅನ್ನುತ್ತಾರೆ. ಅದು ಬ್ರಿಟನ್ನಿನ ವೆಲ್ಷ್, ಕಾರ್ನಿಷ್ ಥರದ ಹಳೇ ಭಾಷೆಗಳ ಕಡೆಯಿಂದ ಬಂದ ಪದ. ಅಲ್ಲಿಯ ಜನ ಈ ಹಕ್ಕಿಯನ್ನು ಹೆಚ್ಚಾಗಿ ಕಂಡದ್ದು ಬಂದರಿನಲ್ಲಿ, ಕರಾವಳಿಯಲ್ಲಿ. ಹೆಸರಿಗೆ ‘ಸೀ’ ಸೇರಿಕೊಂಡಿತು. ನಾವೂ ಕಡಲಹಕ್ಕಿ ಅಂದುಬಿಟ್ಟೆವು. ಹಕ್ಕಿಯನ್ನು ಕೇಳಿದವರು ಯಾರು?

ನೀವು ಹೇಳಿದ ಗುರುತು ನೋಡಿದರೆ ಅದು ಕಂದುತಲೆಯ ಗಲ್. ಚಳಿಗಾಲದಲ್ಲಿ ತಲೆಯ ಕಂದು ಹೋಗಿ ಆ ಮಚ್ಚೆ ಮಾತ್ರ ಉಳಿಯುತ್ತದೆ. ಇದು ಮರಿ ಮಾಡುವುದು ಲಡಾಖ್, ಟಿಬೆಟ್, ಮಧ್ಯ ಏಷ್ಯಾದ ಎತ್ತರದ ಕೆರೆಗಳಲ್ಲಿ. ಅಲ್ಲೆಲ್ಲಿಯ ಸಮುದ್ರ? ಚಳಿಗೆ ಕೆರೆ ಹೆಪ್ಪುಗಟ್ಟಿದರೆ ಕೆಳಗಿಳಿಯುತ್ತದೆ. ಕೆಲವು ಕಡಲಿಗೆ ಹೋಗುತ್ತವೆ, ಕೆಲವು ಒಳನಾಡಿನ ನದಿ, ಡ್ಯಾಮಿನ ನೀರಿಗೆ ಬರುತ್ತವೆ. ದೆಹಲಿಯ ಯಮುನಾ ಘಾಟ್, ಕಾಶಿಯ ಗಂಗೆಯಲ್ಲಿ ಚಳಿಗಾಲಕ್ಕೆ ಗಲ್‌ಗಳ ಹಿಂಡೇ ಇರುತ್ತದೆ. ಜನ ದೋಣಿಯಿಂದ ಸೇವು ಎಸೆಯುತ್ತಾರೆ, ಇವು ಗಾಳಿಯಲ್ಲೇ ಹಿಡಿಯುತ್ತವೆ. (ನಿಮ್ಮ ಪಕ್ಕದ ಹುಲಿಗಿಯ ಹುಲಿಗೆಮ್ಮನ ಗುಡಿಗೆ ಬಂದವರು ಮಂಡಕ್ಕಿ ಎಸೆಯಲು ಶುರು ಮಾಡದಿದ್ದರೆ ಸಾಕು. ಎಣ್ಣೆ, ಉಪ್ಪು ಹಕ್ಕಿಗೆ ಒಳ್ಳೆಯದಲ್ಲ.) ದಕ್ಷಿಣ ಅಮೆರಿಕದ ಬೂದು ಗಲ್ ಅಂತೂ ಗೂಡು ಮಾಡುವುದು ಅಟಕಾಮಾ ಮರುಭೂಮಿಯಲ್ಲಿ!

ಹಾಗಂತ ಕಡಲಿನ ನಂಟೇ ಇಲ್ಲ ಅನ್ನಬೇಡಿ. ಗಲ್‌ಗೆ ಕಣ್ಣಿನ ಮೇಲ್ಭಾಗದಲ್ಲಿ ಉಪ್ಪಿನ ಗ್ರಂಥಿ ಇದೆ. ಸಮುದ್ರದ ನೀರು ಕುಡಿದರೂ ಹೆಚ್ಚಾದ ಉಪ್ಪು ಮೂಗಿನಿಂದ ಹನಿಹನಿಯಾಗಿ ಹೊರಗೆ ಹೋಗುತ್ತದೆ.

ಒಂದು ವಿಷಯ ಗಮನಿಸಿ. ಹಿನ್ನೀರಿನಲ್ಲಿ ಕಾಣುವ ಬಿಳಿ ಹಕ್ಕಿಯೆಲ್ಲ ಗಲ್ ಅಲ್ಲ. ಹಳದಿ ಕೊಕ್ಕು, ಕವಲು ಬಾಲ, ಮೇಲಿಂದ ತಲೆಕೆಳಗಾಗಿ ನೀರಿಗೆ ಧುಮುಕುವ ಚಾಳಿ ಇದ್ದರೆ ಅದು ನದಿ ರೀವ. ಅದು ವರ್ಷವಿಡೀ ನಮ್ಮದೇ. ಬೇಸಿಗೆಯಲ್ಲಿ ನೀರು ಇಳಿದಾಗ ಮರಳ ದಿಬ್ಬದ ಮೇಲೆ, ಬರೀ ನೆಲದಲ್ಲೇ ಮೊಟ್ಟೆ ಇಡುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಮಗಳನ್ನು ಕರೆದುಕೊಂಡು ತೆಪ್ಪದಲ್ಲಿ ಹೋದರೆ ದೂರದಿಂದಲೇ ನೋಡಿ, ದಿಬ್ಬಕ್ಕೆ ಇಳಿಯಬೇಡಿ. ಮೊಟ್ಟೆಯ ಬಣ್ಣ ಮರಳಿನದ್ದೇ, ಕಾಲಡಿ ಸಿಕ್ಕರೂ ಗೊತ್ತಾಗುವುದಿಲ್ಲ.