ದಿವಾಳಿ ಅರ್ಜಿಗೆ ಮೊದಲು

ಮಂಡ್ಯದ ಓದುಗರೊಬ್ಬರ ಪತ್ರ: "ಕ್ರೆಡಿಟ್ ಕಾರ್ಡ್, ಫೈನಾನ್ಸ್, ಮೊಬೈಲ್ ಆಪ್ ಎಂದು ನನ್ನ ತಮ್ಮನು ಮೈತುಂಬ ಸಾಲ ಮಾಡಿಕೊಂಡಿದ್ದಾನೆ. ದಿವಾಳಿ ಅರ್ಜಿ ಹಾಕುತ್ತೇನೆ ಎನ್ನುತ್ತಾನೆ. ಸಾಲ ಸಮಾಲೋಚನೆಗೆ ಹೋಗೋಣವೆಂದರೆ, ಬ್ಯಾಂಕುಗಳೇ ನಡೆಸುವ ಕೇಂದ್ರ ಸಾಲಗಾರನ ಪರ ನಿಂತೀತೇ?"

ಉತ್ತರ: ನಿಮ್ಮ ಅನುಮಾನಕ್ಕೆ ಕಾರಣವಿದೆ, ಒಪ್ಪುತ್ತೇನೆ. ಆದರೆ ಅನುಮಾನದಲ್ಲೇ ದಿನ ಕಳೆಯಬೇಡಿ. ವ್ಯಕ್ತಿಗಳ ದಿವಾಳಿ ಇಂದಿಗೂ ಬಹುತೇಕ 1920ರ ಕಾಯ್ದೆಯಡಿಯೇ ನಡೆಯುತ್ತದೆ. ನ್ಯಾಯಾಲಯ ದಿವಾಳಿ ಎಂದು ಘೋಷಿಸಿದರೆ ಆಸ್ತಿ ನ್ಯಾಯಾಲಯ ನೇಮಿಸುವ ಅಧಿಕಾರಿಯ (ರಿಸೀವರ್) ಕೈಸೇರುತ್ತದೆ. ಅದು ಕೊನೆಯ ದಾರಿಯಾಗಿರಲಿ.

ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನ ವ್ಯಾಪಾರಿಯೊಬ್ಬರು ನನಗೆ ಪರಿಚಿತರು. ಕಾರ್ಡಿನಲ್ಲಿ ಲಕ್ಷ ರೂಪಾಯಿ ಬಾಕಿ, ತಿಂಗಳಿಗೆ ಶೇ 3.5 ಬಡ್ಡಿ. ಕನಿಷ್ಠ ಮೊತ್ತವೆಂದು 5,000 ಕಟ್ಟಿ ನಿಟ್ಟುಸಿರು ಬಿಡುತ್ತಿದ್ದರು. ಸಮಾಲೋಚಕರು ಬಿಲ್ಲು ಬಿಡಿಸಿ ತೋರಿಸಿದರು: ಬಡ್ಡಿ 3,500, ಅದರ ಮೇಲೆ ಜಿಎಸ್‌ಟಿ 630, ಅಸಲಿಗೆ ಹೋದದ್ದು ಬರೀ 870! ವ್ಯಾಪಾರಿ ಪೆಟ್ಟಿಗೆಯಲ್ಲಿದ್ದ ಸರ ಮಾರಿ ಮೊದಲು ಆ ಕಾರ್ಡಿನ ಬಾಕಿ ತೀರಿಸಿದರು. ಉಳಿದ ಸಾಲಕ್ಕೆ ಕಂತಿನ ಅವಧಿ ಹೆಚ್ಚಿಸಲು ಬ್ಯಾಂಕಿಗೆ ಅರ್ಜಿ ಬರೆದುಕೊಟ್ಟವರೂ ಆ ಸಮಾಲೋಚಕರೇ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಿತ್ತೆಂದು ವ್ಯಾಪಾರಿಯನ್ನು ಹಂಗಿಸಿದವರು ಹಲವರು. ಲೆಕ್ಕ ಹಾಕಿಕೊಟ್ಟವರು ಒಬ್ಬರೇ.

ರಿಸರ್ವ್ ಬ್ಯಾಂಕ್ 2009ರಲ್ಲಿ ಈ ಕೇಂದ್ರಗಳ ಮಾದರಿ ಯೋಜನೆ ತಂದಾಗ, ಸೇವೆ ಉಚಿತವಾಗಿರಬೇಕು, ಬ್ಯಾಂಕಿನಿಂದ ಅಂತರ ಕಾಯ್ದುಕೊಳ್ಳಬೇಕು ಎಂದಿತ್ತು. 2012ರಲ್ಲಿ ಅವು ಬರೀ 'ಆರ್ಥಿಕ ಸಾಕ್ಷರತಾ ಕೇಂದ್ರ'ಗಳಾದವು. ಸಾಲದ ಸಮಾಲೋಚನೆ ಹೆಸರಿನಿಂದಲೇ ಮಾಯ! ನನ್ನ ಸಿಟ್ಟು ಇದರ ಮೇಲೆ. ಹತ್ತು ನಿಮಿಷದಲ್ಲಿ ಸಾಲ ಎಂಬ ಜಾಹೀರಾತು ಮೈಸೂರಿನ ಪ್ರತಿ ವೃತ್ತದಲ್ಲಿದೆ. ಸಾಲದಿಂದ ಹೊರಬರುವ ದಾರಿ ತೋರಿಸುವ ಫಲಕವನ್ನು ಹುಡುಕಬೇಕು. ಕಿರುಸಾಲದ ಕಿರುಕುಳ ತಡೆಯಲು ರಾಜ್ಯ 2025ರಲ್ಲಿ ಕಾನೂನು ತಂದಿತು, ಸಂತೋಷ. ಮನೆಬಾಗಿಲಲ್ಲಿ ಮಾನ ಹೋಗುವ ಮೊದಲೇ ಜನರನ್ನು ಕೂರಿಸಿ ಮಾತನಾಡಿಸುವ ವ್ಯವಸ್ಥೆಗೆ ಮಾತ್ರ ಯಾರೂ ದನಿಯೆತ್ತುವುದಿಲ್ಲ.

ಮುಂಗಡ ಶುಲ್ಕ ಪಡೆದು 'ಕಂತು ನಿಲ್ಲಿಸಿ, ನಾವು ನೋಡಿಕೊಳ್ಳುತ್ತೇವೆ' ಎನ್ನುವ ಖಾಸಗಿಯವರ ಹತ್ತಿರ ಸುಳಿಯಬೇಡಿ. ಬಾಕಿಯಲ್ಲಿ ರಿಯಾಯಿತಿ ಪಡೆದು ಇತ್ಯರ್ಥ ಮಾಡಿಕೊಂಡರೆ ಸಾಲದ ಇತಿಹಾಸ ದಾಖಲಿಸುವ ಸಿಬಿಲ್‌ನಲ್ಲಿ ಅದು 'ಸೆಟಲ್ಡ್' ಎಂದೇ ದಾಖಲಾಗಿ, ಮುಂದಿನ ಸಾಲಕ್ಕೆ ಅಡ್ಡಬರುತ್ತದೆ; ಇದನ್ನೂ ಕೇಳಿ ತಿಳಿದುಕೊಳ್ಳಿ. ಜಿಲ್ಲೆಯ ಬ್ಯಾಂಕುಗಳ ಕೆಲಸವನ್ನು ಹೊಂದಿಸುವ ಮಂಡ್ಯದ ಲೀಡ್ ಬ್ಯಾಂಕ್ ಕಚೇರಿಯಲ್ಲಿ ಕೇಂದ್ರದ ವಿಳಾಸ ವಿಚಾರಿಸಿ. ತಮ್ಮನನ್ನು ಒಬ್ಬನೇ ಕಳುಹಿಸಬೇಡಿ, ನೀವೂ ಜೊತೆಗೆ ಹೋಗಿ. ಎಲ್ಲ ಸಾಲದ ಕಾಗದಗಳೂ ಇರಲಿ, ಆಪ್ ಸಾಲದವೂ ಸೇರಿ. ನಾಚಿಕೆಯಿಂದ ಅವನು ಮುಚ್ಚಿಡುವುದು ಅವನ್ನೇ.